ಬೇಡಗಳ ಪಟ್ಟಿ ಸಾಕು: ಮುಂಬಯಿಯ ಫಿಸಿಯೋಥೆರಪಿಸ್ಟರಿಗೆ ಒಂದು ಬಹಿರಂಗ ಪತ್ರ

ಮುಂಬಯಿಯ ಎಲ್ಲ ಫಿಸಿಯೋಥೆರಪಿಸ್ಟರಿಗೆ, ಅವರಿಗೆ ಕೆಲಸ ಕೊಟ್ಟಿರುವ ಆಸ್ಪತ್ರೆ ಮತ್ತು ಕ್ಲಿನಿಕ್‌ಗಳ ಆಡಳಿತದವರಿಗೆ,

ಮಾನ್ಯರೇ,

ನಮಸ್ಕಾರ. ನಾನು ಚೆಂಬೂರಿನವಳು. ಊರು ಕುಂದಾಪುರದ ಕಡೆ. ಬ್ಯಾಂಕಿನಲ್ಲಿ ಕೆಲಸ. ವೈದ್ಯಕೀಯ ಓದಿದವಳಲ್ಲ. ಆದರೆ ಕಳೆದ ಎರಡು ವರ್ಷದಲ್ಲಿ ಅಪ್ಪನ ಜೊತೆ ಫಿಸಿಯೋಥೆರಪಿ ಕೋಣೆಗಳ ಹೊರಗಿನ ಬೆಂಚಿನಲ್ಲಿ ಎಷ್ಟೋ ಹೊತ್ತು ಕೂತಿದ್ದೇನೆ. ಒಂದು ಕಡೆ ತೋರಿಸಿದ ಮೇಲೆ ಅಪ್ಪ ಮೂಲೆ ಸೇರಿದರು. ಇನ್ನೊಂದು ಕಡೆ ಹೋದ ಮೇಲೆ ಎದ್ದು ಓಡಾಡಿದರು. ಎರಡೂ ಕಡೆ ಇದ್ದವರು ನಿಮ್ಮದೇ ಓದು ಓದಿದವರು. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ಅದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಈಗ 71. ಮಾಟುಂಗದ ಒಂದು ಹೋಟೆಲಿನಲ್ಲಿ 38 ವರ್ಷ ಸಪ್ಲೈಯರ್ ಆಗಿದ್ದರು. ಬೆಳಿಗ್ಗೆ ಐದಕ್ಕೆ ಮನೆ ಬಿಡುವುದು, ಕುರ್ಲಾದಲ್ಲಿ ಸೇತುವೆ ಹತ್ತಿ ಇಳಿದು ಗಾಡಿ ಬದಲಿಸುವುದು, ಆಮೇಲೆ ರಾತ್ರಿವರೆಗೂ ಅಡುಗೆಮನೆಯಿಂದ ಟೇಬಲ್, ಟೇಬಲಿನಿಂದ ಅಡುಗೆಮನೆ. ಎಡಗೈ ಮೇಲೆ ಮೊಣಕೈವರೆಗೂ ದೋಸೆ ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ಕಾಫಿ ಹಿಡಿದು, ಜನರ ನಡುವೆ ನುಸುಳಿ ಬರುತ್ತಿದ್ದ ಮನುಷ್ಯ. ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರೋ, ಲೆಕ್ಕ ಇಟ್ಟವರಿಲ್ಲ. 2020ರ ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿತು. ಮತ್ತೆ ತೆರೆದಾಗ ಅಪ್ಪ ಹೋಗಲಿಲ್ಲ. ಸಾಕು ಇನ್ನು, ಕೂತು ತಿನ್ನಿ ಅಂದೆವು. ಪ್ರೀತಿಯಿಂದಲೇ ಅಂದೆವು.

ಮೂರು ವರ್ಷ ಆಗುವಷ್ಟರಲ್ಲಿ ಬಲ ಮೊಣಕಾಲು ನೋಯಲು ಶುರುವಾಯಿತು. ಎಕ್ಸ್‌ರೇ ಆಯಿತು. 'ಸವೆದಿದೆ' ಎಂದರು. ಡಾಕ್ಟರು ಫಿಸಿಯೋಥೆರಪಿಗೆ ಚೀಟಿ ಬರೆದರು. ಹತ್ತು ಸಿಟ್ಟಿಂಗ್.

ಆ ಹತ್ತು ದಿನ ಹೇಗಿತ್ತು ಅಂತ ಹೇಳುತ್ತೇನೆ. ಪರದೆ ಎಳೆದ ಮಂಚ. ಮೊದಲು ಬಿಸಿ ಶಾಖ. ಆಮೇಲೆ ಮೊಣಕಾಲಿಗೆ ಪ್ಯಾಡ್ ಅಂಟಿಸಿ, ನಾವೆಲ್ಲ ಕರೆಂಟ್ ಕೊಡುವುದು ಅನ್ನುತ್ತೇವಲ್ಲ, ಅದು. ಕೊನೆಗೆ ಜೆಲ್ಲಿ ಹಚ್ಚಿ ಅಲ್ಟ್ರಾಸೌಂಡ್, ಸ್ಕ್ಯಾನ್ ಅಲ್ಲ, ನೋವಿಗೆ ಅಂತ ಕೊಡುವ ಶಬ್ದದ ಅಲೆ. ಯಂತ್ರದ ಗಂಟೆ ಬಾರಿಸಿದಾಗ ಹುಡುಗಿಯೊಬ್ಬಳು ಬಂದು ಪ್ಯಾಡ್ ಕಿತ್ತು ಪಕ್ಕದ ಪರದೆಯೊಳಗೆ ಓಡುತ್ತಿದ್ದಳು. ಅಪ್ಪ ಇಪ್ಪತ್ತೈದು ನಿಮಿಷ ಸುಮ್ನೆ ಛಾವಣಿ ನೋಡುತ್ತಾ ಮಲಗಿರುತ್ತಿದ್ದರು. ಹತ್ತನೇ ದಿನ ಇಂಗ್ಲಿಷಿನಲ್ಲಿ ಅಚ್ಚಾದ ವ್ಯಾಯಾಮದ ಒಂದು ಹಾಳೆ ಕೈಗೆ ಬಂತು. ಅದರ ಜೊತೆ ಬಾಯಿಮಾತಿನ ಬುದ್ಧಿವಾದ: ಜಾಸ್ತಿ ನಡೆಯಬೇಡಿ. ಮೆಟ್ಟಿಲು ಹತ್ತಬೇಡಿ. ನೆಲದ ಮೇಲೆ ಕೂರಬೇಡಿ. ಭಾರ ಎತ್ತಬೇಡಿ.

ನಮ್ಮದು ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಬೇಡ ಎಂದರೆ ಮನೆಯಿಂದ ಹೊರಗೇ ಹೋಗಬೇಡಿ ಅಂತಲೇ ಅರ್ಥ. ಅಪ್ಪ ಯಜಮಾನರ ಮಾತು ಪಾಲಿಸಿ ಬದುಕಿದವರು. ಇದನ್ನೂ ಹಾಗೇ ಪಾಲಿಸಿದರು. ಸಂಜೆ ಕೆಳಗೆ ಕಟ್ಟೆಯಲ್ಲಿ ಸೇರುತ್ತಿದ್ದ ಗೆಳೆಯರ ಬಳಿ ಹೋಗುವುದು ನಿಂತಿತು. ಶನಿವಾರದ ಭಜನೆ ನಿಂತಿತು. ತರಕಾರಿ ತರುವುದು ನಿಂತಿತು. ಟೀವಿ ಮುಂದಿನ ಕುರ್ಚಿ ಅವರ ಊರಾಯಿತು. ಆರು ತಿಂಗಳಲ್ಲಿ ಏಳು ಕಿಲೋ ತೂಕ ಏರಿತು. ಸಕ್ಕರೆ ಕಾಯಿಲೆಗೆ ಎರಡನೇ ಮಾತ್ರೆ ಸೇರಿತು. ಹೊಟ್ಟೆ ಬಂತು, ತೊಡೆ ಮಾತ್ರ ಕೋಲಿನ ಹಾಗೆ ಸಣಕಲಾಯಿತು.

ಒಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟರು. ಮೇಲೆ ಹತ್ತಲು ಆಗಲಿಲ್ಲ. ಪಕ್ಕದ ಮನೆಯ ಇಬ್ಬರು ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ನಾನು ಹಿಂದೆ ಚಪ್ಪಲಿ ಹಿಡಿದು ಬರುತ್ತಿದ್ದೆ. ಅಪ್ಪ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಆ ಮುಖ ನನಗೆ ಮರೆಯುವುದಿಲ್ಲ.

ಆ ಕ್ಲಿನಿಕ್‌ನ ಹುಡುಗಿಯನ್ನು ನಾನು ಬೈಯುವುದಿಲ್ಲ. ಒಂದೇ ಹೊತ್ತಿಗೆ ನಾಲ್ಕು ಪರದೆ ನೋಡಿಕೊಳ್ಳುತ್ತಿದ್ದಳು. ನೀರು ಕುಡಿಯಲೂ ಪುರುಸೊತ್ತು ಇರಲಿಲ್ಲ. ನನ್ನ ದೂರು ಬೇರೆ. ಹತ್ತು ದಿನ, ದಿನಕ್ಕೆ ಅರ್ಧ ಗಂಟೆ, ಅಂದರೆ ಐದು ಗಂಟೆ ಅಪ್ಪ ನಿಮ್ಮವರ ಜೊತೆ ಇದ್ದರು. ಅಷ್ಟು ಹೊತ್ತಿನಲ್ಲಿ 'ನೀವು ದಿನವಿಡೀ ಏನು ಮಾಡುತ್ತೀರಿ?' ಅಂತ ಒಬ್ಬರೂ ಕೇಳಲಿಲ್ಲ. ಚೀಟಿ ಬರೆದ ಡಾಕ್ಟರು ಕೇಳಲಿಲ್ಲ, ಸರಿ. ಅವರ ಬಳಿ ಇದ್ದದ್ದು ಐದು ನಿಮಿಷ. ನಿಮ್ಮ ಬಳಿ ಐದು ಗಂಟೆ ಇತ್ತು.

ಇನ್ನೊಬ್ಬ ಫಿಸಿಯೋ ನಮಗೆ ಸಿಕ್ಕಿದ್ದು ಆಫೀಸಿನ ಗೆಳತಿಯಿಂದ. ಸಣ್ಣ ಕೋಣೆ. ಒಂದು ಮಂಚ, ಕೈ ಇಲ್ಲದ ಒಂದು ಮರದ ಕುರ್ಚಿ, ಮೂಲೆಯಲ್ಲಿ ಮೂರು ಮೆಟ್ಟಿಲಿನ ಒಂದು ಹಲಗೆ. ಯಂತ್ರ ಇತ್ತು, ಬಟ್ಟೆ ಮುಚ್ಚಿತ್ತು. ಅವರು ಮೊದಲು ಮೊಣಕಾಲು ಮುಟ್ಟಲಿಲ್ಲ. 'ಏನು ಕೆಲಸ ಮಾಡುತ್ತಿದ್ದಿರಿ?' ಎಂದು ಕೇಳಿದರು. ಅಪ್ಪ ಹತ್ತು ನಿಮಿಷ ಮಾತಾಡಿದರು. ಎಷ್ಟೋ ತಿಂಗಳಿಂದ ನಮ್ಮ ಜೊತೆಯೂ ಅಷ್ಟು ಮಾತಾಡಿರಲಿಲ್ಲ.

ಆಮೇಲೆ ಆ ಮರದ ಕುರ್ಚಿಯಲ್ಲಿ ಕೂರಿಸಿದರು. ಕೈ ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ನೋಡೋಣ ಎಂದರು. ಅಪ್ಪ ಆರು ಸಲ ಎದ್ದರು. ಆರನೆಯದಕ್ಕೆ ಕಾಲು ನಡುಗಿತು. ಈ ವಯಸ್ಸಿನ ಗಂಡಸರು ಹನ್ನೆರಡು ಸಲವಾದರೂ ಏಳಬೇಕು, ಅದಕ್ಕಿಂತ ಕಡಿಮೆ ಆದರೆ ಬೀಳುವ ಭಯ ಜಾಸ್ತಿ ಎಂದು ವಿವರಿಸಿದರು. ನೋವು ಮೊಣಕಾಲಿನದು, ಆದರೆ ಸೋತದ್ದು ತೊಡೆ. ಆ ಲೆಕ್ಕ ನಮಗೆ ಅವತ್ತು ಮೊದಲ ಸಲ ಅರ್ಥವಾಯಿತು.

'ನಡೆದರೆ ಇನ್ನೂ ಸವೆಯುತ್ತದಲ್ಲ?' ಎಂದು ಅಪ್ಪ ಕೇಳಿದರು. ಅದೇ ಅವರ ಮನಸ್ಸಿನಲ್ಲಿ ಕೂತಿದ್ದ ಭಯ. ಫಿಸಿಯೋ ಹೇಳಿದ್ದು ಹೀಗೆ: 'ಹೋಟೆಲಿನಲ್ಲಿ ಟೇಬಲ್ ಒರೆಸುವ ಸ್ಪಂಜು ಇರುತ್ತದಲ್ಲ? ಒತ್ತಿದರೆ ನೀರು ಹೊರಗೆ, ಬಿಟ್ಟರೆ ನೀರು ಒಳಗೆ. ಮೊಣಕಾಲಿನ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಗೆ ಹೊದಿಸಿದ ನುಣುಪು ಪದರ, ಕೂಡ ಹಾಗೇ. ಅದಕ್ಕೆ ರಕ್ತದ ನಾಳ ಇಲ್ಲ. ಕಾಲು ಆಡಿದರೆ ಮಾತ್ರ ಕೀಲಿನ ರಸ ಅದರೊಳಗೆ ಹೋಗಿ ಬರುತ್ತದೆ. ಕೂತರೆ ಸ್ಪಂಜು ಒಣಗುತ್ತದೆ.' ನೋವಿನ ಬಗ್ಗೆಯೂ ಒಂದು ಗುರುತು ಹೇಳಿಕೊಟ್ಟರು. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಅದು ಇಳಿದಿದ್ದರೆ ಸರಿ. ಇಳಿಯದಿದ್ದರೆ ಅಥವಾ ಊದಿದರೆ ಅವತ್ತು ಅರ್ಧ ಮಾಡಿ, ನನಗೆ ಫೋನ್ ಮಾಡಿ. ಅಪ್ಪನಿಗೆ ಬೇಕಾಗಿದ್ದದ್ದು ಇದೇ. ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆ.

ಮೊದಲ ವಾರದ ಪಾಠ ಚಿಕ್ಕದು. ಪ್ರತಿ ಊಟಕ್ಕೆ ಮುಂಚೆ ಐದು ಸಲ ಕುರ್ಚಿಯಿಂದ ಏಳುವುದು. ಮನೆ ಮುಂದಿನ ಗ್ಯಾಲರಿಯಲ್ಲಿ ನಾಲ್ಕು ನಿಮಿಷ ನಡೆಯುವುದು. ಎರಡನೇ ವಾರ ಅವರು ಒಂದು ಸ್ಟೀಲ್ ಟ್ರೇ ತರಿಸಿದರು. ಅದರ ಮೇಲೆ ಎರಡು ಲೋಟ ನೀರು ಇಟ್ಟು, 'ಟೇಬಲ್ ನಂಬರ್ ಮೂರಕ್ಕೆ ಕೊಟ್ಟು ಬನ್ನಿ' ಎಂದರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಟ್ರೇ ಕೈಗೆ ಬಂದ ತಕ್ಷಣ ಅಪ್ಪನ ಬೆನ್ನು ನೆಟ್ಟಗಾಯಿತು. ಭುಜ ಹಿಂದಕ್ಕೆ ಹೋಯಿತು. ಅಲ್ಲಿವರೆಗೆ ನೆಲ ನೋಡುತ್ತಾ ಹೆಜ್ಜೆ ಎಳೆಯುತ್ತಿದ್ದವರು ಮುಂದೆ ನೋಡಿ ನಡೆದರು. ಒಂದು ಹನಿ ಚೆಲ್ಲಲಿಲ್ಲ. ಬ್ಯಾಲೆನ್ಸ್ ವ್ಯಾಯಾಮ ಅಂತ ನಿಮ್ಮ ಪುಸ್ತಕದಲ್ಲಿ ಇರುವುದು ಇದೇ ಅಲ್ವಾ? ಆದರೆ ಅದನ್ನು ಅಪ್ಪನ ಕೈಗೆ ಅಪ್ಪನದೇ ಕೆಲಸವಾಗಿ ಕೊಟ್ಟರು.

ಪ್ರತಿ ಗುರುವಾರ ಸಂಜೆ ಅವರ ಫೋನ್ ಬರುತ್ತಿತ್ತು. ಎರಡು ನಿಮಿಷದ ಮಾತು. ಎಷ್ಟು ದಿನ ಮಾಡಲು ಆಯಿತು? ಯಾವುದು ಕಷ್ಟ ಆಯಿತು? ಆ ಫೋನಿಗೆ ಉತ್ತರ ಕೊಡಬೇಕಲ್ಲ ಅಂತಲೇ ಅಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೆರೆ ಹಾಕತೊಡಗಿದರು. ಹನ್ನೆರಡು ವಾರದ ನಂತರ ಅದೇ ಮರದ ಕುರ್ಚಿ, ಅದೇ 30 ಸೆಕೆಂಡ್. ಹನ್ನೆರಡು ಸಲ. ಮೊಣಕಾಲು ನೋವು ಪೂರ್ತಿ ಹೋಗಿಲ್ಲ. ಮಳೆಗಾಲದ ಬೆಳಿಗ್ಗೆ ಈಗಲೂ ಹಿಡಿಯುತ್ತದೆ. ಆದರೆ ದಿನಕ್ಕೆ ಎರಡು ಸಲ ಮೂರು ಮಹಡಿ ಇಳಿದು ಹತ್ತುತ್ತಾರೆ. ಮಧ್ಯೆ ಒಂದು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಅಷ್ಟೇ.

ಇದು ಒಂದು ಮನೆಯ ಕಥೆ ಅಂತ ನೀವು ಅನ್ನಬಹುದು. ಹಾಗಲ್ಲ ಅಂತ ಗೊತ್ತಾದದ್ದು ಆಮೇಲೆ ನಾನೇ ಓದಿಕೊಂಡಾಗ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ನಿಮಗೆ ಬಾಯಿಪಾಠ ಇರುತ್ತದೆ. ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಉಸಿರು ಸ್ವಲ್ಪ ಏರುವಷ್ಟು ಚಟುವಟಿಕೆ ಮಾಡಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. 65 ದಾಟಿದವರಿಗೆ ಇದರ ಜೊತೆ ವಾರಕ್ಕೆ ಮೂರು ದಿನ ಬ್ಯಾಲೆನ್ಸ್ ಅಭ್ಯಾಸ. ಸಕ್ಕರೆ, ಬಿಪಿಯಂಥ ದೀರ್ಘ ಕಾಯಿಲೆ ಇರುವವರನ್ನೂ ಆ ಸಲಹೆ ಬಿಟ್ಟಿಲ್ಲ. ಅಂದರೆ ಕಾಯಿಲೆಯವರು ಮಲಗಿರಲಿ ಅಂತ ಯಾರೂ ಹೇಳಿಲ್ಲ.

ನಮ್ಮ ದೇಶದಲ್ಲಿ ಎಷ್ಟು ಜನ ಇಷ್ಟು ಮಾಡುತ್ತಾರೆ? 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನ ಸಾಕಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 42. ನಿಮ್ಮ ಮಂಚದ ಮೇಲೆ ಮಲಗುವ ಇಬ್ಬರಲ್ಲಿ ಒಬ್ಬರು ಇದೇ ಲೆಕ್ಕದಲ್ಲಿ ಸೇರಿದವರು. ಅವರು ಸೊಂಟ ನೋವಿಗೆ ಬಂದಿರಬಹುದು, ಭುಜ ಹಿಡಿದಿದೆ ಅಂತ ಬಂದಿರಬಹುದು. ಜೊತೆಗೆ ಕೂತೇ ಕಳೆದ ದಿನಗಳೂ ಬಂದಿರುತ್ತವೆ.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಮೇಲೆ ಮಾಡಿದ ಅಧ್ಯಯನ ನನಗೆ ತುಂಬಾ ಹಿಡಿಸಿತು. ನಮ್ಮ ಮುಂಬಯಿಯ ಬೆಸ್ಟ್ ಸಂಸ್ಥೆಯ ಬಸ್ಸಿನಂಥದ್ದೇ ಬಸ್ಸು. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ಮೇಲೆ ಕೆಳಗೆ ಹತ್ತಿ ಇಳಿಯುತ್ತಾನೆ. ಇಬ್ಬರೂ ಒಂದೇ ಕಂಪನಿಯವರು. ಆದರೂ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಇದನ್ನು ಓದಿದಾಗ ಅಪ್ಪನ ನೆನಪಾಯಿತು. 38 ವರ್ಷ ಕಂಡಕ್ಟರ್ ಆಗಿದ್ದವರನ್ನು ನಾವೆಲ್ಲ ಸೇರಿ ಡ್ರೈವರ್ ಸೀಟಿನಲ್ಲಿ ಕೂರಿಸಿದ್ದೆವು.

ಯಂತ್ರಗಳ ಬಗ್ಗೆಯೂ ಒಂದು ಮಾತು. ಸವೆದ ಕೀಲಿನ ಚಿಕಿತ್ಸೆಗೆ ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ (NICE) ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿ ಎಲ್ಲರಿಗೂ ಅವರವರಿಗೆ ತಕ್ಕ ವ್ಯಾಯಾಮ ಕೊಡಿ ಎನ್ನುತ್ತದೆ. ಅಲ್ಟ್ರಾಸೌಂಡ್, ಕರೆಂಟ್ ಚಿಕಿತ್ಸೆಗಳಿಂದ ಉಪಯೋಗ ಇದೆ ಎನ್ನಲು ಸಾಕಷ್ಟು ಆಧಾರ ಇಲ್ಲ, ಅವನ್ನು ಕೊಡಬೇಡಿ ಎಂದೂ ಹೇಳುತ್ತದೆ. ನಮಗೆ ಹತ್ತು ದಿನ ಸಿಕ್ಕಿದ್ದು ಕೊಡಬೇಡಿ ಎಂದದ್ದು. ಕೊಡಿ ಎಂದದ್ದು ಸಿಕ್ಕಿದ್ದು ಒಂದು ಹಾಳೆಯಷ್ಟು. ಬೆಚ್ಚಗೆ ಹಿತವಾಗುತ್ತದೆ, ರೋಗಿಗಳೇ ಕೇಳುತ್ತಾರೆ ಎಂದು ನೀವು ಹೇಳುತ್ತೀರಿ. ಅದೂ ನಿಜ. ಅಪ್ಪನೂ ಮೊದಮೊದಲು 'ಕರೆಂಟ್ ಕೊಡದೆ ದುಡ್ಡು ತೆಗೆದುಕೊಂಡರಲ್ಲ' ಎಂದರು. ಆದರೆ ಅವರಿಗೆ ತಿಳಿಸಿ ಹೇಳಬೇಕಾದವರು ನೀವೇ ತಾನೇ?

ನಿಮ್ಮ ವಿದ್ಯೆಯ ಬೇರು ಈ ಊರಿನಲ್ಲೇ ಇದೆ. 1950ರ ದಶಕದ ಶುರುವಿನಲ್ಲಿ ಪೋಲಿಯೋ ಮಕ್ಕಳನ್ನು ಕಾಡುತ್ತಿದ್ದ ಕಾಲಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಶುರುವಾಯಿತು. ಕಾಲು ಸೋತ ಮಕ್ಕಳನ್ನು ನಿಲ್ಲಿಸಲು, ನಡೆಸಲು ಹುಟ್ಟಿದ ಕೆಲಸ ಇದು. ಇವತ್ತು ಕಾಲು ಸೋಲುತ್ತಿರುವುದು ಕೂತಲ್ಲೇ ಕೂತವರದು.

ಹೆಂಗಸರ ವಿಷಯ ನಿಮಗೆ ವಿಶೇಷವಾಗಿ ಹೇಳಬೇಕು. ನಮ್ಮ ಅಮ್ಮಂದಿರು, ಅತ್ತೆಯಂದಿರು ನಿಮ್ಮ ಬಳಿ ಬಂದಾಗ 'ಮನೆಕೆಲಸ ಇಡೀ ದಿನ ಇದೆಯಲ್ಲ, ಇನ್ನೇನು ವ್ಯಾಯಾಮ' ಎನ್ನುತ್ತಾರೆ. ಆ ಮಾತನ್ನು ಸುಮ್ಮನೆ ತಳ್ಳಿ ಹಾಕಬೇಡಿ, ಹಾಗೇ ಒಪ್ಪಿಕೊಂಡೂ ಬಿಡಬೇಡಿ. ಯಾವ ಕೆಲಸ, ಎಷ್ಟು ಹೊತ್ತು ಅಂತ ಕೇಳಿ. ಒಲೆ ಮುಂದೆ ಎರಡು ಗಂಟೆ ನಿಂತರೆ ಸೊಂಟಕ್ಕೆ ದಣಿವು, ಎದೆಗೆ ಕೆಲಸ ಇಲ್ಲ. ನೆಲ ಒರೆಸುವುದು, ನೀರು ಹೊರುವುದು ಬೇರೆ ಲೆಕ್ಕ. ನನ್ನ ಅಮ್ಮನಿಗೆ ಪಾರ್ಕಿಗೆ ಹೋಗಿ ನಡೆಯಿರಿ ಎಂದರೆ ಆಗುವುದಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಬೇಕು, ಸಂಜೆ ಮೊಮ್ಮಕ್ಕಳು. ಆದರೆ ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಗ್ಯಾಲರಿಯಲ್ಲಿ ಅಪ್ಪನ ಜೊತೆ ನಡೆಯಿರಿ ಎಂದಾಗ ಆಯಿತು. ಊಟದ ನಂತರದ ನಡಿಗೆ ಸಕ್ಕರೆಗೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಫುಟ್‌ಪಾತ್ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಆ ನಾಲ್ಕು ತಿಂಗಳಿಗೆ ಮನೆಯೊಳಗಿನ ದಾರಿ ಹೇಳಿಕೊಡಿ.

ಈಗ ನನ್ನ ಬೇಡಿಕೆ. ಪ್ರತಿ ಹೊಸ ರೋಗಿಗೆ, ನೋವು ಎಲ್ಲೇ ಇರಲಿ, ಎರಡು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ದಿನ ಚುರುಕಾಗಿ ನಡೆಯುತ್ತೀರಿ? ಆ ದಿನ ಎಷ್ಟು ನಿಮಿಷ? ಎರಡನ್ನೂ ಗುಣಿಸಿದರೆ 150ರ ಪಕ್ಕದಲ್ಲಿ ಇಟ್ಟು ನೋಡಬಹುದಾದ ಒಂದು ಅಂಕಿ ಬರುತ್ತದೆ. ಅಮೆರಿಕದ ಕೆಲವು ಆಸ್ಪತ್ರೆಗಳು ಬಿಪಿ ಬರೆಯುವ ಹಾಗೆ ಇದನ್ನೂ ಬರೆದಿಡುತ್ತವೆ. ನಿಮ್ಮ ಕೇಸ್ ಪೇಪರಿನಲ್ಲಿ ಒಂದು ಗೆರೆ ಜಾಗ ಸಾಕು. 'ಬೇಡ' ಎಂದು ಹೇಳಬೇಕಾದಾಗ ಹೇಳಿ. ಎದೆನೋವು ಇರುವವರಿಗೆ, ಮೂಳೆ ಮುರಿದವರಿಗೆ, ತಲೆ ತಿರುಗುವವರಿಗೆ ತಡೆ ಬೇಕು. ವಾಟ್ಸಾಪಿನಲ್ಲಿ ಬರುವ ವ್ಯಾಯಾಮದ ವಿಡಿಯೋಗೆ ಅದು ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ಆದರೆ ಪ್ರತಿ 'ಬೇಡ'ದ ಜೊತೆ ಅದರ ಬದಲು ಏನು, ಎಷ್ಟು, ಎಷ್ಟು ದಿನದವರೆಗೆ ಎಂಬುದೂ ಇರಲಿ. 'ಈ ಎರಡು ವಾರ ಮೆಟ್ಟಿಲು ಬೇಡ, ಮೂರನೇ ವಾರ ಒಂದು ಮಹಡಿಯಿಂದ ಶುರು ಮಾಡೋಣ' ಎಂದಿದ್ದರೆ ಅಪ್ಪ ಆರು ತಿಂಗಳು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಸಿಟ್ಟಿಂಗ್ ಮುಗಿದ ಮೇಲೆ ನಾಲ್ಕಾರು ವಾರ, ವಾರಕ್ಕೆ ಒಂದು ಫೋನ್ ಮಾಡಿ. ಅಪ್ಪನನ್ನು ನಡೆಸಿದ್ದು ವ್ಯಾಯಾಮದ ಹಾಳೆಯಲ್ಲ, ಆ ಗುರುವಾರದ ಫೋನ್.

ಆಡಳಿತದವರೇ, ಇಷ್ಟೆಲ್ಲ ಆಗಬೇಕಾದರೆ ನಿಮ್ಮ ಕೈಯೂ ಬೇಕು. ನಾನು ಬಿಲ್ ನೋಡಿದ್ದೇನೆ. ಶಾಖಕ್ಕೆ ಒಂದು ಸಾಲು, ಕರೆಂಟಿಗೆ ಒಂದು ಸಾಲು, ಅಲ್ಟ್ರಾಸೌಂಡಿಗೆ ಒಂದು ಸಾಲು. ರೋಗಿಯ ಜೊತೆ ಕೂತು ಮಾತಾಡಿದ್ದಕ್ಕೆ, ನಡೆಸಿ ನೋಡಿದ್ದಕ್ಕೆ ಸಾಲೇ ಇಲ್ಲ. ಬಿಲ್ ಹಾಗಿದ್ದರೆ ಚಿಕಿತ್ಸೆಯೂ ಹಾಗೇ ಇರುತ್ತದೆ. ಮೊದಲ ದಿನಕ್ಕೆ 45 ನಿಮಿಷ ಕೊಡಿ, ಅದಕ್ಕೆ ದುಡ್ಡು ತೆಗೆದುಕೊಳ್ಳಿ, ನಾವು ಕೊಡುತ್ತೇವೆ. ಒಬ್ಬ ಫಿಸಿಯೋ ಕೈಗೆ ಒಂದೇ ಹೊತ್ತಿನಲ್ಲಿ ನಾಲ್ಕು ಮಂಚ ಕೊಡಬೇಡಿ. ಎರಡು ಮಂಚ ತೆಗೆದು ಆ ಜಾಗದಲ್ಲಿ ನಡೆಯಲು, ಮೆಟ್ಟಿಲು ಹತ್ತಲು ಅನುಕೂಲ ಮಾಡಿ. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ಫ್ರಿಜ್ಜಿನ ಮೇಲೆ ಧೂಳು ಹಿಡಿಯುತ್ತದೆ. ಮರಾಠಿ, ಹಿಂದಿ, ಗುಜರಾತಿ, ಕನ್ನಡ, ಈ ಊರಿನವರು ಮನೆಯಲ್ಲಿ ಆಡುವ ಭಾಷೆಯಲ್ಲಿ ಕೊಡಿ.

ನಮ್ಮ ಕನ್ನಡ ಸಂಘಗಳವರಿಗೂ ಇಲ್ಲೇ ಒಂದು ವಿನಂತಿ. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತೀರಿ. ಸಕ್ಕರೆ ನೋಡುತ್ತೀರಿ, ಬಿಪಿ ನೋಡುತ್ತೀರಿ, ಕಣ್ಣು ನೋಡುತ್ತೀರಿ. ಅಲ್ಲೇ ಒಂದು ಮರದ ಕುರ್ಚಿ, ಒಬ್ಬ ಫಿಸಿಯೋ ಇರಲಿ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ಜೀವಮಾನವಿಡೀ ನಿಂತು ದುಡಿದು ಈಗ ಮನೆಯಲ್ಲಿ ಕೂತಿರುವ ನಮ್ಮ ಹಿರಿಯರು ಈ ಊರಿನಲ್ಲಿ ಎಷ್ಟು ಮಂದಿ ಇಲ್ಲ? ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ. ಆ ವಾರದ ಭಾನುವಾರ ಒಂದು ಸಂಘದ ಹಾಲ್ ತೆರೆದರೆ ಸಾಕು.

ಕನ್ನಡ ಹಾಳೆ ಬರೆದು ಕೊಡುವ ಕೆಲಸ ನನಗೆ ಬಿಡಿ. ನಮ್ಮ ಫಿಸಿಯೋ ಹೇಳಿದ್ದನ್ನು ಅಪ್ಪನಿಗಾಗಿ ಆಗಲೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಅವರು ನೋಡಿ ತಿದ್ದಿಯೂ ಕೊಟ್ಟಿದ್ದಾರೆ. ಯಾವ ಕ್ಲಿನಿಕ್ ಕೇಳಿದರೂ ಕೊಡುತ್ತೇನೆ. ಟ್ರೇ ಹಿಡಿದು ನಡೆದು ತೋರಿಸಲು ಅಪ್ಪ ಬರುತ್ತೇನೆ ಎಂದಿದ್ದಾರೆ.

ಇಂತಿ ನಿಮ್ಮ,
ಚೆಂಬೂರಿನ ಒಬ್ಬ ಮಗಳು